ಅಮ್ಮನ ಹೆಸರಿನ ಠೇವಣಿ

ಸಂಬಳದಿಂದ ಜೀವಿಸತಕ್ಕ ಮನುಷ್ಯನು ಶೇಕಡಾ 30ರ ತೆರಿಗೆಯ ವರ್ಗಕ್ಕೆ ಏರಿದನೆಂದರೆ, ಸ್ನೇಹಿತರಿಂದಲೂ ಸಹೋದ್ಯೋಗಿಗಳಿಂದಲೂ ಆತನಿಗೆ ಮೊದಲು ದೊರೆಯುವ ಉಪದೇಶ ಒಂದೇ: “ಮಿಕ್ಕ ಹಣವನ್ನು ಅಮ್ಮನ ಹೆಸರಿಗೆ ಎಫ್‌ಡಿ ಮಾಡಿಬಿಡಿ.” ಈ ಉಪದೇಶದಲ್ಲಿ ಮಾತೃಭಕ್ತಿಯ ಪಾಲು ಎಷ್ಟೆಂದು ಹೇಳಲಾರೆ, ಕಾಯಿದೆಯ ಪಾಲಂತೂ ದೊಡ್ಡದು. ಪತ್ನಿಗೆ ಕೊಟ್ಟ ಹಣದ ಬಡ್ಡಿಯನ್ನೂ ಸೊಸೆಗೆ ಕೊಟ್ಟುದರ ಬಡ್ಡಿಯನ್ನೂ 1961ರ ಆದಾಯ ತೆರಿಗೆ ಕಾಯಿದೆಯ 64ನೆಯ ಪ್ರಕರಣವು ಹಿಂದಕ್ಕೆ ಎಳೆತಂದು ಕೊಟ್ಟವನ ಆದಾಯಕ್ಕೇ ಕೂಡಿಸಿತು. ತಂದೆತಾಯಿಗಳಿಗೆ ಕೊಟ್ಟುದನ್ನು ಮಾತ್ರ ಹಾಗೆ ಕೂಡಿಸಲಿಲ್ಲ. ಮಗನು ಕೊಟ್ಟ ಉಡುಗೊರೆಗೆ ತಾಯಿ ತೆರಿಗೆ ತೆರಬೇಕಾಗಿಲ್ಲ. ಹಿರಿಯ ನಾಗರಿಕರಿಗೆ ಬ್ಯಾಂಕುಗಳು ಸಾಮಾನ್ಯವಾಗಿ ಅರ್ಧ ಶೇಕಡಾ ಬಡ್ಡಿಯನ್ನು ಹೆಚ್ಚಾಗಿಯೇ ಕೊಡುತ್ತವೆ. ತೆರಿಗೆಯ ಮಿತಿಯೊಳಗಿರುವ ಆಕೆ 15ಎಚ್ ನಮೂನೆಗೆ ಸಹಿ ಹಾಕಿದರೆ ಮೂಲದಲ್ಲಿ ತೆರಿಗೆಯನ್ನು ಮುರಿದುಕೊಳ್ಳುವುದೂ ತಪ್ಪುತ್ತಿತ್ತು. ಇಷ್ಟೊಂದು ಅನುಕೂಲಗಳು ಒಂದೆಡೆ ನೆರೆದಿರುವಾಗ ನಮ್ಮ ವೃದ್ಧಮಾತೆಯರು ಕಾಗದದ ಮೇಲೆ ಲಕ್ಷಾಧೀಶ್ವರಿಯರಾಗುವುದರಲ್ಲಿ ಆಶ್ಚರ್ಯವೇನು!

ಕೊಟ್ಟವನು ನಿಜವಾಗಿ ಕೊಟ್ಟಿದ್ದರೆ ಇದರಲ್ಲಿ ಅನ್ಯಾಯವೇನೂ ಇಲ್ಲ. ಆದರೆ ಬ್ಯಾಂಕಿನ ಉದ್ಯೋಗದಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದವನೆಂಬ ಕಾರಣಕ್ಕಾಗಿ ಬಂಧುವರ್ಗದ ವ್ಯಾಜ್ಯಗಳಲ್ಲಿ ಮಧ್ಯಸ್ಥನಾಗಿ ಕುಳಿತಿರುವ ನಾನು ಕಂಡಂತೆ, ಹಾಗೆ ಕೊಟ್ಟವರು ವಿರಳ.

ನನ್ನ ದೊಡ್ಡಮ್ಮನ ಮನೆಯ ಸಂಗತಿಯನ್ನೇ ಹೇಳುತ್ತೇನೆ. ಆಕೆ ಶಿವಮೊಗ್ಗದಲ್ಲಿ ಕಿರಿಯ ಮಗನೊಡನೆ ಇದ್ದವಳು. ಬೆಂಗಳೂರಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಹಿರಿಯ ಮಗನು ಆಕೆಯ ಹೆಸರಿನಲ್ಲಿ 20 ಲಕ್ಷ ರೂಪಾಯಿಗಳ ಠೇವಣಿಯನ್ನಿಟ್ಟು, ನಾಮಿನಿಯ ಸ್ಥಾನದಲ್ಲಿ ತನ್ನ ಹೆಸರನ್ನು ಬರೆಯಿಸಿದ್ದನು. ಬಡ್ಡಿಯು ಆಕೆಯ ಉಳಿತಾಯ ಖಾತೆಗೆ ಬಂದು, ಒಂದೆರಡು ದಿನ ವಿಶ್ರಮಿಸಿ, ಮಗನ ಖಾತೆಗೆ ಪ್ರಯಾಣ ಮಾಡುತ್ತಿತ್ತು. ಮೊಮ್ಮಗಳ ಮದುವೆಗೆ ಒಂದು ಜೊತೆ ಓಲೆಯನ್ನು ಕೊಡಬೇಕೆಂದು ಮನಸ್ಸಾದಾಗ ಆ ಲಕ್ಷಾಧೀಶ್ವರಿಯು ಬೆಂಗಳೂರಿಗೆ ಫೋನು ಮಾಡಿ ಅನುಮತಿಗಾಗಿ ಕಾದಳೆಂಬುದನ್ನು ನಾನು ಬಲ್ಲೆ. ಓಲೆಯೇನೋ ಬಂದಿತು, ಅದನ್ನು ಕೊಟ್ಟವನು ಮಗನೆಂದು ಎಲ್ಲರೂ ತಿಳಿದರು.

ದೊಡ್ಡಮ್ಮ ತೀರಿಕೊಂಡು, ವೈಕುಂಠ ಸಮಾರಾಧನೆಯ ಊಟ ಮುಗಿದು, ಬೀರುವಿನಲ್ಲಿದ್ದ ಕಾಗದಗಳು ಹೊರಗೆ ಬಂದಾಗ, “ಹೆಸರು ಮಾತ್ರ ಅಮ್ಮನದು, ಹಣ ನನ್ನದು” ಎಂದನು ಹಿರಿಯ. “ಅಮ್ಮನನ್ನು ನೋಡಿಕೊಂಡವನು ನಾನು, ಅಮ್ಮನದೆಂದು ಬರೆದಿರುವುದು ಅಮ್ಮನದೇ” ಎಂದನು ಕಿರಿಯ. ಇಬ್ಬರು ಹೆಣ್ಣುಮಕ್ಕಳಲ್ಲಿ ದೊಡ್ಡವಳು ಮೌನವಾಗಿದ್ದಳು. ಚಿಕ್ಕವಳು, “ನನಗೆ ದುಡ್ಡು ಬೇಡ, ಆದರೆ ಅಮ್ಮನಿಗೆ ಏನೂ ಇರಲಿಲ್ಲವೆಂದು ಮಾತ್ರ ಹೇಳಬೇಡ” ಎಂದಳು. ಅಂದು ಆ ಮನೆಯಲ್ಲಿ ಆಡಿದ ಮಾತುಗಳಲ್ಲಿ ಲೆಕ್ಕಕ್ಕೆ ಸಿಕ್ಕದಿದ್ದುದು ಇದೊಂದೇ.

ಹಿರಿಯವನು ನಾಮಿನಿಯ ಪತ್ರವನ್ನು ನನ್ನ ಮುಂದಿಟ್ಟನು. ನಾಮಿನಿಯೆಂದರೆ ಬ್ಯಾಂಕಿನಿಂದ ಹಣವನ್ನು ಕೈನೀಡಿ ಪಡೆಯಲು ಅರ್ಹನಾದವನೇ ಹೊರತು ಅದರ ಒಡೆಯನಲ್ಲ. ಜೀವವಿಮೆಯ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು 1983ರಷ್ಟು ಹಿಂದೆಯೇ ಸರಬತಿ ದೇವಿಯವರ ಮೊಕದ್ದಮೆಯಲ್ಲಿ ಇದೇ ತತ್ತ್ವವನ್ನು ನಿರ್ಣಯಿಸಿತು. ಬ್ಯಾಂಕಿನ ಠೇವಣಿಗೂ ಅದೇ ನ್ಯಾಯ. ಒಡೆತನವು ಉತ್ತರಾಧಿಕಾರದಿಂದ ಬರತಕ್ಕದ್ದು. ಹಿಂದೂ ಸ್ತ್ರೀಯು ಉಯಿಲು ಬರೆಯದೆ ಮೃತಳಾದರೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 15ನೆಯ ಪ್ರಕರಣದಂತೆ, ಆಕೆಯ ಸ್ವತ್ತು ಮೊದಲಿಗೆ ಗಂಡನಿಗೂ ಗಂಡುಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೂ ಸಮವಾಗಿ ಸಲ್ಲುತ್ತದೆ. ದೊಡ್ಡಪ್ಪ ಮೊದಲೇ ತೀರಿಕೊಂಡಿದ್ದುದರಿಂದ ಉಳಿದದ್ದು ನಾಲ್ಕು ಪಾಲು.

“ಹಾಗಾದರೆ ಹಣ ನನ್ನದೆಂದು ಕೋರ್ಟಿನಲ್ಲಿ ಸಾಧಿಸುತ್ತೇನೆ” ಎಂದನು. ಸಾಧಿಸುವುದಾದರೂ ಹೇಗೆ? ವರ್ಷ ವರ್ಷವೂ 15ಎಚ್ ನಮೂನೆಯನ್ನು ತನ್ನ ಕೈಯಿಂದಲೇ ತುಂಬಿ, ಈ ಆದಾಯ ತಾಯಿಯದೆಂದು ಆಕೆಯಿಂದ ಸಹಿ ಮಾಡಿಸಿದವನು ಅವನೇ. ಆ ಬಡ್ಡಿ ತನ್ನದೆಂದು ಈಗ ಒಪ್ಪಿದರೆ, ತೆರದೆ ಬಿಟ್ಟ ತೆರಿಗೆಯನ್ನೂ ಒಪ್ಪಬೇಕು. ಅಷ್ಟಕ್ಕೇ ಮುಗಿಯುವುದಿಲ್ಲ: ಒಬ್ಬರ ಹಣ ಮತ್ತೊಬ್ಬರ ಹೆಸರಿನಲ್ಲಿದ್ದರೆ ಅದನ್ನು ತನ್ನದೆಂದು ಕೇಳುವ ದಾವೆಯನ್ನೇ 1988ರ ಬೇನಾಮಿ ಕಾಯಿದೆ ನಿಷೇಧಿಸಿದೆ, 2016ರ ತಿದ್ದುಪಡಿಯ ಮೇಲೆ ಅಂಥ ಬೇನಾಮಿ ವ್ಯವಹಾರಕ್ಕೆ ಒಂದರಿಂದ ಏಳು ವರ್ಷಗಳ ಕಠಿಣ ಕಾರಾಗೃಹವಾಸವೂ, ಸ್ವತ್ತಿನ ಮಾರುಕಟ್ಟೆಯ ಬೆಲೆಯ ಶೇಕಡಾ 25ರವರೆಗೆ ದಂಡವೂ ಉಂಟು. ಹೆಂಡತಿ ಮಕ್ಕಳ ಹೆಸರಿನಲ್ಲಿ, ತಿಳಿದ ಮೂಲದ ಹಣದಿಂದ ಕೊಂಡುದಕ್ಕೆ ವಿನಾಯಿತಿಯಿದೆ. ತಾಯಿ, ಅಣ್ಣ, ತಮ್ಮ, ಅಕ್ಕತಂಗಿಯರ ವಿಷಯದಲ್ಲಿ ಆ ವಿನಾಯಿತಿ ದೊರೆಯಬೇಕಾದರೆ ಪತ್ರದಲ್ಲಿ ಇಬ್ಬರ ಹೆಸರೂ ಜಂಟಿಯಾಗಿರಬೇಕು. ಪರದೇಶದಿಂದ ತಮ್ಮನ ಖಾತೆಗೆ ಹಣ ಕಳುಹಿಸಿ, ಊರಿನಲ್ಲಿ ಅವನೊಬ್ಬನ ಹೆಸರಿನಲ್ಲೇ ನಿವೇಶನವನ್ನು ಕೊಂಡಿಟ್ಟಿರುವ ಅಣ್ಣಂದಿರು ಈ ಮಾತನ್ನು ಇನ್ನೊಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಆತನಿಗೆ ನಾನು ಕಾಗದದ ಮೇಲೆ ಲೆಕ್ಕವೊಂದನ್ನು ಬರೆದು ತೋರಿಸಿದೆ. 20 ಲಕ್ಷಕ್ಕೆ ಶೇಕಡಾ 7.5ರಂತೆ ವರ್ಷದ ಬಡ್ಡಿ 1,50,000. ಅದು ಅವನ ಹೆಸರಿನಲ್ಲಿದ್ದಿದ್ದರೆ ಉಪಕರವೂ ಸೇರಿ ತೆರಬೇಕಾಗಿದ್ದ ತೆರಿಗೆ 46,800. ಆರು ವರ್ಷಗಳಲ್ಲಿ ಉಳಿಸಿದ್ದು 2,80,800. ಅದನ್ನು ಉಳಿಸುವ ಸಲುವಾಗಿ ಅವನು ಪಣವಾಗಿಟ್ಟದ್ದು, ಒಡಹುಟ್ಟಿದ ಮೂವರ ಪಾಲಿಗೆ ಹೋಗತಕ್ಕ 15 ಲಕ್ಷ. ಕಾಗದವನ್ನು ನೋಡಿ ಅವನು ಏನನ್ನೂ ಹೇಳಲಿಲ್ಲ. ಠೇವಣಿ ನಾಲ್ಕು ಪಾಲಾಯಿತು. ದುಡ್ಡು ಬೇಡವೆಂದಿದ್ದ ಚಿಕ್ಕವಳೂ ತನ್ನ ಪಾಲನ್ನು ತೆಗೆದುಕೊಂಡಳು. ತೆಗೆದುಕೊಂಡದ್ದು ಸರಿಯೆಂದೇ ನನ್ನ ಅಭಿಪ್ರಾಯ. ಅಣ್ಣನು ಈಗ ಶಿವಮೊಗ್ಗಕ್ಕೆ ಬರುವುದಿಲ್ಲ.

ಅಮ್ಮನ ಹೆಸರಿನಲ್ಲಿ ಠೇವಣಿಯನ್ನಿಟ್ಟಿರುವ ಓದುಗರಲ್ಲಿ ನನ್ನದೊಂದು ಪ್ರಾರ್ಥನೆ. ಆ ಹಣ ಆಕೆಯದೆಂದು ಒಪ್ಪಿ, ಪಾಸ್‌ಬುಕ್ಕನ್ನೂ ಬಡ್ಡಿಯನ್ನೂ ಆಕೆಯ ಕೈಯಲ್ಲಿಯೇ ಬಿಡಿ. ಅದಕ್ಕೆ ಮನಸ್ಸು ಬಾರದಿದ್ದರೆ ಹಣವನ್ನು ನಿಮ್ಮ ಹೆಸರಿನಲ್ಲಿಟ್ಟು ತೆರಿಗೆಯನ್ನು ತೆತ್ತುಬಿಡಿ. ಆಕೆ ಸ್ವಸ್ಥಚಿತ್ತಳಾಗಿರುವಾಗಲೇ ಉಯಿಲು ಬರೆಯಲಿ. ಅದಕ್ಕೆ ಛಾಪಾಕಾಗದ ಬೇಕಿಲ್ಲ, ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳ ಸಹಿ ಇದ್ದರೆ ಸಾಕು. ಬರೆಯುವಾಗ ನೀವು ಪಕ್ಕದಲ್ಲಿ ಕೂರಬೇಡಿ. ಆಕೆ ಅಷ್ಟನ್ನೂ ನಿಮ್ಮ ತಂಗಿಯ ಹೆಸರಿಗೆ ಬರೆದಿಟ್ಟರೆ ಅದೂ ಕಾಯಿದೆಗೆ ಸಮ್ಮತವೇ.