ಊಟ ಇಳಿಯದಿದ್ದರೆ ಮುಚ್ಚಿಡಬೇಡ, ತಮ್ಮಾ

ಸಿರುಗುಪ್ಪದ ಮಿಲ್ಲಿನಲ್ಲಿ ಜೊತೆಯವರೆಲ್ಲ ಬುತ್ತಿ ಬಿಚ್ಚುವ ಹೊತ್ತಿಗೆ ನೀನು ಹಸಿವಿಲ್ಲ ಎಂದು ಎದ್ದು ಹೋಗುತ್ತೀಯಂತೆ. ನಿಮ್ಮವ್ವ ಕುರುಗೋಡಿಗೆ ಬಂದಾಗ ಹೇಳಿದಳು. ಅಂಗಿ ಸಡಿಲವಾಗಿದೆ, ರಾತ್ರಿ ಕೆಮ್ಮಿ ಎದ್ದು ಕೂರುತ್ತೀಯ, ಕೇಳಿದರೆ ‘ಅಸಿಡಿಟಿ, ಬಿಡವ್ವ’ ಅನ್ನುತ್ತೀಯ. ಬಳ್ಳಾರಿಯ ಡಾಕ್ಟರು ಅಕಲೇಸಿಯಾ ಇರಬಹುದು ಎಂದು ಪರೀಕ್ಷೆಗೆ ಬರೆದುಕೊಟ್ಟರೂ ನೀನು ಇನ್ನೂ ಹೋಗಿಲ್ಲ. ನಾನೂ ಅದೇ ಕಾಯಿಲೆಯೊಡನೆ ಬಾಳುತ್ತಿರುವವನು. ಹಿರಿಯನಾಗಿ ನಾಲ್ಕು ಮಾತು ಹೇಳುತ್ತೇನೆ, ಕೇಳು.

ಮೊದಲನೆಯದು, ಇದು ನಿನ್ನ ತಪ್ಪಿನಿಂದ ಬಂದದ್ದಲ್ಲ. ಖಾರ ತಿಂದದ್ದಕ್ಕೆ, ಹೊತ್ತು ಮೀರಿ ಉಂಡದ್ದಕ್ಕೆ, ಚಿಂತೆ ಮಾಡಿದ್ದಕ್ಕೆ ಬರುವ ಕಾಯಿಲೆ ಇದಲ್ಲ. ಬಾಯಿಂದ ಹೊಟ್ಟೆಗೆ ಹೋಗುವ ಅನ್ನನಾಳ ದೊಡ್ಡವರಲ್ಲಿ ಸುಮಾರು 25 ಸೆಂಟಿಮೀಟರ್ ಉದ್ದ. ನುಂಗಿದ ತುತ್ತು ತಾನಾಗಿ ಜಾರಿ ಬೀಳುವುದಿಲ್ಲ. ನಾಳದ ಸ್ನಾಯುಗಳು ಅದನ್ನು ಒತ್ತುತ್ತ ಕೆಳಗೆ ಸಾಗಿಸುತ್ತವೆ. ಹೊಟ್ಟೆಯ ಬಾಯಿಯಲ್ಲಿರುವ ಬಿಗಿಯಾದ ಸ್ನಾಯು ಆ ಹೊತ್ತಿಗೆ ಸಡಿಲಾಗಿ ದಾರಿ ಬಿಡಬೇಕು. ಅಕಲೇಸಿಯಾದಲ್ಲಿ ನಾಳದ ಗೋಡೆಯೊಳಗಿನ ನರಕೋಶಗಳು ನಶಿಸಿರುತ್ತವೆ. ಒತ್ತುವ ಕೆಲಸವೂ ನಿಲ್ಲುತ್ತದೆ, ಬಾಗಿಲೂ ತೆರೆಯುವುದಿಲ್ಲ. ನಿಮ್ಮ ಗದ್ದೆಯ ಕಾಲುವೆಯ ತೂಬು ಎತ್ತದಿದ್ದರೆ ನೀರು ಮೇಲೇ ನಿಂತು ಏರಿ ಕೆಡುವಂತೆ, ಉಂಡದ್ದು ಎದೆಯಲ್ಲೇ ನಿಲ್ಲುತ್ತದೆ. ಮಲಗಿದಾಗ ಅದೇ ಗಂಟಲಿಗೆ ಮರಳಿ ಬಂದು ಕೆಮ್ಮು ತರುತ್ತದೆ. ಆ ನರಕೋಶಗಳು ಯಾಕೆ ನಶಿಸುತ್ತವೆ ಎಂಬುದು ವೈದ್ಯಲೋಕಕ್ಕೇ ಇನ್ನೂ ಪೂರ್ತಿ ತಿಳಿದಿಲ್ಲ. ಹಾಗಿರುವಾಗ ನೀನು ನಿನ್ನನ್ನೇ ಯಾಕೆ ಹಳಿದುಕೊಳ್ಳಬೇಕು?

ಇದು ಅಪರೂಪದ ಕಾಯಿಲೆ. ಲಕ್ಷ ಜನರಲ್ಲಿ ವರ್ಷಕ್ಕೆ ಸುಮಾರು ಒಬ್ಬರಿಗೆ ಹೊಸದಾಗಿ ಕಾಣಿಸಿಕೊಳ್ಳುತ್ತದೆ. 2011ರ ಜನಗಣತಿಯಲ್ಲಿ ಬಳ್ಳಾರಿ ನಗರದ ಜನಸಂಖ್ಯೆ ನಾಲ್ಕು ಲಕ್ಷ ದಾಟಿತ್ತು. ಆ ಲೆಕ್ಕದಲ್ಲಿ ಇಡೀ ನಗರಕ್ಕೆ ವರ್ಷಕ್ಕೆ ನಾಲ್ಕು ಜನ. ಎದೆ ಉರಿ, ಹುಳಿತೇಗು ಎಂದು ಬರುವವರು ಮಾತ್ರ ದಿನಕ್ಕೆ ಎಷ್ಟೋ ಮಂದಿ. ಹಾಗಾಗಿ ಮೊದಲು ಅಸಿಡಿಟಿ ಮಾತ್ರೆ ಸಿಗುವುದು ಸಹಜ. ಆದರೆ ಮಾತ್ರೆ ನುಂಗಿಯೂ ‘ಎದಿಯಾಗ ನಿಂತಂಗ ಆಗ್ತೈತಿ, ಕೂಳು ಇಳಿಯವಲ್ದು’ ಅನ್ನುವ ಸ್ಥಿತಿ ಬದಲಾಗದಿದ್ದರೆ ಅಲ್ಲಿಗೇ ನಿಲ್ಲಬಾರದು. ಡಾಕ್ಟರಿಗೆ ಬಿಡಿಸಿ ಹೇಳು: ರೊಟ್ಟಿ ಮಾತ್ರ ನಿಲ್ಲುತ್ತದೋ, ನೀರೂ ನಿಲ್ಲುತ್ತದೋ? ಮರಳಿ ಬಂದದ್ದು ಹುಳಿಯಾಗಿರುತ್ತದೋ, ಉಂಡಾಗಿನ ರುಚಿಯೇ ಇರುತ್ತದೋ? ತೂಕ ಎಷ್ಟು ಇಳಿದಿದೆ? ಅಕಲೇಸಿಯಾದಲ್ಲಿ ಗಟ್ಟಿ ಪದಾರ್ಥ, ನೀರು ಎರಡೂ ಮೊದಲಿಂದಲೇ ಕಷ್ಟ ಕೊಡುವುದು ಹೆಚ್ಚು. ಮೊದಲು ರೊಟ್ಟಿ, ಆಮೇಲೆ ಅನ್ನ, ಕೊನೆಗೆ ಗಂಜಿಯೂ ಇಳಿಯದಂತೆ ಕೆಲವೇ ತಿಂಗಳಲ್ಲಿ ಬಿಗಿಯಾಗುತ್ತ ಹೋದರೆ, ಅದರಲ್ಲೂ ವಯಸ್ಸಾದವರಿಗೆ, ಗುಟ್ಕಾ, ಬೀಡಿ, ಸಾರಾಯಿಯ ಚಟ ಇದ್ದವರಿಗೆ ಹಾಗಾದರೆ, ಅನ್ನನಾಳದ ಕ್ಯಾನ್ಸರ್ ಇಲ್ಲವೆಂದು ಖಚಿತ ಮಾಡಿಕೊಳ್ಳಲೇಬೇಕು. ಹೇಗೇ ಇರಲಿ, ನುಂಗಲು ತೊಂದರೆ ಎಂದವರಿಗೆಲ್ಲ ಎಂಡೋಸ್ಕೋಪಿ ಬೇಕೇ ಬೇಕು. ಮನೆಯಲ್ಲಿ ಕೂತು ಊಹಿಸುವ ವಿಷಯ ಇದಲ್ಲ.

ಪರೀಕ್ಷೆಗಳಿಗೆ ಹೆದರಬೇಡ. ಎಂಡೋಸ್ಕೋಪಿಯಲ್ಲಿ ಕ್ಯಾಮೆರಾ ಇರುವ ತೆಳು ಕೊಳವೆ ಇಳಿಸಿ ಒಳಗೆ ನೋಡುತ್ತಾರೆ. ಬೇರಿಯಂ ಸ್ವಾಲೋ ಎಂದರೆ ಸುಣ್ಣದ ನೀರಿನಂಥ ಬಿಳಿ ದ್ರವ ಕುಡಿಸಿ ತೆಗೆಯುವ ಎಕ್ಸ್‌ರೇ. ನಾಳ ಮೇಲೆ ಹಿಗ್ಗಿ ಕೊನೆಗೆ ಚೂಪಾಗಿ ಕಂಡರೆ ಅನುಮಾನ ಬಲವಾಗುತ್ತದೆ. ಕೊನೆಯ ತೀರ್ಮಾನ ಮ್ಯಾನೋಮೆಟ್ರಿಯದು. ಮೂಗಿನ ಮೂಲಕ ಸಣ್ಣ ನಳಿಕೆ ಇಳಿಸಿ, ಗುಟುಕು ಗುಟುಕು ನೀರು ಕುಡಿಸುತ್ತ ಒಳಗಿನ ಒತ್ತಡ ಅಳೆಯುತ್ತಾರೆ. ಕಿರಿಕಿರಿ ಆಗುತ್ತದೆ, ಸಹಿಸಬಹುದು. ಈ ಪರೀಕ್ಷೆ ಎಲ್ಲ ಊರಲ್ಲೂ ಇಲ್ಲ. ನಾವು ಈಗಲೂ ವಿಮ್ಸ್ ಎಂದೇ ಕರೆಯುವ, 1961ರಲ್ಲಿ ಶುರುವಾದ ನಮ್ಮ ಬಳ್ಳಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಿಂದ ಆರಂಭಿಸು. ಅಲ್ಲಿ ಆಗದಿದ್ದರೆ ರೆಫರಲ್ ಚೀಟಿ ಬರೆಸಿಕೋ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಹೊಟ್ಟೆ-ಕರುಳಿನ ಕಾಯಿಲೆಗಳಿಗೆಂದೇ ಸರ್ಕಾರಿ ಸಂಸ್ಥೆಯಿದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು ಉಂಟು. ನಿನ್ನ ಚಿಕಿತ್ಸೆ ಅದರಲ್ಲಿ ಸೇರುತ್ತದೆಯೇ ಎಂದು ಮೊದಲೇ ವಿಚಾರಿಸು. ರೇಷನ್ ಕಾರ್ಡ್, ಆಧಾರ್, ಹಳೆಯ ರಿಪೋರ್ಟುಗಳನ್ನೆಲ್ಲ ಒಂದೇ ಚೀಲದಲ್ಲಿಡು.

ಚಿಕಿತ್ಸೆಯ ವಿಷಯದಲ್ಲಿ ನಮ್ಮ ಕಾಲ ಒಳ್ಳೆಯದು. 1674ರಲ್ಲಿ ಥಾಮಸ್ ವಿಲ್ಲಿಸ್ ಎಂಬ ಇಂಗ್ಲೆಂಡಿನ ವೈದ್ಯ ಇಂಥದೇ ಒಬ್ಬ ರೋಗಿಯ ಬಗ್ಗೆ ಬರೆದಿದ್ದಾನೆ. ಆ ರೋಗಿ ತಿಮಿಂಗಿಲದ ಎಲುಬಿನ ತುದಿಗೆ ಸ್ಪಂಜು ಕಟ್ಟಿದ ಕಡ್ಡಿಯಿಂದ ಊಟವನ್ನು ತಾನೇ ಒಳಗೆ ತಳ್ಳಿಕೊಳ್ಳುತ್ತ ವರ್ಷಗಟ್ಟಲೆ ಬದುಕಿದ. ಈಗ ಮುಖ್ಯವಾಗಿ ಮೂರು ದಾರಿಗಳಿವೆ. ಒಂದು, ಬಲೂನು ಉಬ್ಬಿಸಿ ಬಿಗಿದ ಸ್ನಾಯುವನ್ನು ಹಿಗ್ಗಿಸುವುದು. ಎರಡು, ಜರ್ಮನಿಯ ಅರ್ನ್ಸ್ಟ್ ಹೆಲ್ಲರ್ 1913ರಲ್ಲಿ ಮೊದಲು ಮಾಡಿದ ಆಪರೇಷನ್. ಈಗ ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ಲ್ಯಾಪರೋಸ್ಕೋಪಿಯಲ್ಲಿ ಸ್ನಾಯು ಸೀಳುತ್ತಾರೆ. ಮೂರು, ಜಪಾನಿನ ಹರುಹಿರೊ ಇನೊವೆ 2008ರಲ್ಲಿ ಆರಂಭಿಸಿದ ಪೋಯೆಮ್. ಬಾಯಿಯಿಂದಲೇ ಎಂಡೋಸ್ಕೋಪ್ ಇಳಿಸಿ ಒಳಗಿನಿಂದಲೇ ಸ್ನಾಯು ಸೀಳುವ ವಿಧಾನ. ಬಲೂನಿನ ಫಲ ಕೆಲವರಿಗೆ ಕಾಲಕ್ರಮೇಣ ಕುಗ್ಗಿ ಮತ್ತೆ ಮಾಡಿಸಬೇಕಾಗುತ್ತದೆ. ಪೋಯೆಮ್ ಆದವರಿಗೆ ಹುಳಿ ಮೇಲೆ ಬರುವ ತೊಂದರೆ ಹೆಚ್ಚು. ನಿನಗೆ ಯಾವುದು ಸರಿ ಎಂಬುದು ನಿನ್ನ ಅಕಲೇಸಿಯಾದ ಬಗೆ, ವಯಸ್ಸು, ನಿನಗೆ ಚಿಕಿತ್ಸೆ ಮಾಡುವ ವೈದ್ಯರ ಕೈಪಳಗಿದ ವಿಧಾನ ಇವುಗಳ ಮೇಲೆ ನಿಂತಿದೆ. ಹೋದ ನರಕೋಶಗಳನ್ನು ಯಾವ ಚಿಕಿತ್ಸೆಯೂ ಮರಳಿ ತರುವುದಿಲ್ಲ. ಆದರೆ ಬಾಗಿಲು ತೆರೆದರೆ ಹೆಚ್ಚಿನವರಿಗೆ ಊಟ ಇಳಿಯುತ್ತದೆ, ತೂಕ ಮರಳುತ್ತದೆ.

ಇನ್ನು ದಿನದ ಊಟ. ನಿಧಾನವೇ ನಿನ್ನ ಮದ್ದು. ಸಣ್ಣ ತುತ್ತು, ಚೆನ್ನಾಗಿ ಅಗಿ, ನಡುನಡುವೆ ಬೆಚ್ಚಗಿನ ನೀರು. ತಣ್ಣನೆಯ ಸೋಡಾ, ಐಸ್ ನೀರು ಹಲವರಿಗೆ ಎದೆ ಹಿಡಿಸುತ್ತದೆ. ಜೋಳದ ರೊಟ್ಟಿ ಬಿಡಬೇಕಿಲ್ಲ. ಕಟಕ ರೊಟ್ಟಿಯ ಬದಲು ಬಿಸಿ ರೊಟ್ಟಿಯನ್ನು ಬೇಳೆಯಲ್ಲೋ ಮಜ್ಜಿಗೆಯಲ್ಲೋ ನೆನೆಸಿ, ಮಿದ್ದು ಉಣ್ಣು. ಸಿರುಗುಪ್ಪದ ಅಕ್ಕಿಯನ್ನು ಮೆತ್ತಗೆ ಬೇಯಿಸಿಕೋ. ಅಂಬಲಿ, ಮೊಸರು, ಗಟ್ಟಿ ಬೇಳೆಕಟ್ಟು, ಮೊಟ್ಟೆ, ಬಾಳೆಹಣ್ಣು ಇವೆಲ್ಲ ಶಕ್ತಿ ಕೊಡುತ್ತವೆ. ಬಳ್ಳಾರಿಯ ಒಗ್ಗರಣಿ-ಮಿರ್ಚಿ ಕಂಡರೆ ಬಾಯಲ್ಲಿ ನೀರೂರುವುದು ನನಗೂ ಗೊತ್ತು. ಚಿಕಿತ್ಸೆ ಆಗುವವರೆಗೆ ಅವಸರ ಬೇಡ. ನನಗೆ ಒಗ್ಗಿದ್ದು ನಿನಗೆ ಒಗ್ಗದಿರಬಹುದು, ನಿನ್ನ ಪಟ್ಟಿ ನೀನೇ ಮಾಡಿಕೋ. ಉಂಡ ಮೇಲೆ ಮೂರು ತಾಸಾದರೂ ಮಲಗಬೇಡ. ಮಂಚದ ತಲೆಕಡೆಯ ಕಾಲುಗಳಿಗೆ ಇಟ್ಟಿಗೆ ಕೊಟ್ಟು ಎತ್ತರಿಸು. ಗುಳಿಗೆಯನ್ನು ಮಲಗುವ ಮುಂಚೆ ಒಣಗಂಟಲಲ್ಲಿ ನುಂಗಬೇಡ. ಸಿರಪ್ ಸಿಗುತ್ತದೆಯೇ ಎಂದು ಕೇಳು.

ಕೆಲವು ಎಚ್ಚರಗಳನ್ನು ಮನೆಯವರಿಗೂ ಹೇಳಿಡು. ಉಗುಳೂ ಇಳಿಯದಂತೆ ಆಹಾರ ಸಿಕ್ಕಿಕೊಂಡರೆ, ರಕ್ತ ವಾಂತಿಯಾದರೆ, ಜ್ವರದೊಂದಿಗೆ ಕೆಮ್ಮು, ಉಬ್ಬಸ ಬಂದರೆ ಬೆಳಗಿನವರೆಗೆ ಕಾಯಬಾರದು, 108ಕ್ಕೆ ಕರೆ ಮಾಡಬೇಕು. ಎದೆನೋವು ಈ ಕಾಯಿಲೆಯಲ್ಲೂ ಬರುತ್ತದೆ. ಹಾಗೆಂದು ಹೃದಯದ್ದಲ್ಲ ಎಂದು ನೀವೇ ನಿರ್ಧರಿಸಬೇಡಿ. ಮುಂದೆ ಯಾವುದೇ ಆಪರೇಷನ್ನಿಗೆ, ಹಲ್ಲಿನದೇ ಇರಲಿ, ಪ್ರಜ್ಞೆ ತಪ್ಪಿಸುವುದಾದರೆ ಅರಿವಳಿಕೆ ವೈದ್ಯರಿಗೆ ಈ ಕಾಯಿಲೆಯ ಹೆಸರನ್ನು ತಪ್ಪದೆ ಹೇಳು. ರಾತ್ರಿಯಿಡೀ ಉಪವಾಸವಿದ್ದರೂ ನಿನ್ನ ಅನ್ನನಾಳದಲ್ಲಿ ಊಟ ಉಳಿದಿರಬಹುದು, ಅದು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ.

ನನಗೆ ಎಲ್ಲಕ್ಕಿಂತ ಹೆಚ್ಚಾಗಿ ಹೇಳಬೇಕೆನಿಸುವ ಮಾತು ಇದು: ಒಬ್ಬನೇ ಉಣ್ಣುವುದನ್ನು ರೂಢಿ ಮಾಡಿಕೊಳ್ಳಬೇಡ. ನಮ್ಮ ಕಡೆ ಪ್ರೀತಿ ತೋರಿಸುವುದೇ ಬಡಿಸುವುದರಲ್ಲಿ. ದೊಡ್ಡಬಸವೇಶ್ವರನ ಜಾತ್ರೆಗೆ ಬಂದವರಿಗೆ ‘ಇನ್ನೊಂದು ಹಾಕ್ಕೋ’ ಎಂದು ಒತ್ತಾಯ ಮಾಡದ ಮನೆ ಕುರುಗೋಡಿನಲ್ಲಿ ಇಲ್ಲ. ಅದಕ್ಕೆ ಹೆದರಿ ಮದುವೆ, ಮುಂಜಿ, ಜಾತ್ರೆ ಎಲ್ಲ ಬಿಡುತ್ತ ಹೋದರೆ ಕಾಯಿಲೆ ಅನ್ನನಾಳ ದಾಟಿ ಬದುಕಿಗೇ ಹಬ್ಬುತ್ತದೆ. ‘ನನಗೆ ಅನ್ನನಾಳದ ತೊಂದರೆ ಇದೆ, ನಿಧಾನ ಉಣ್ತೀನಿ, ನಡುವೆ ಎದ್ದರೆ ತಪ್ಪು ತಿಳೀಬೇಡ್ರಿ’ ಎಂದು ಒಮ್ಮೆ ಹೇಳಿಬಿಡು. ಹೇಳಿದ ಮೇಲೆ ಒತ್ತಾಯ ಮಾಡುವವರು ಕಡಿಮೆ, ಬಿಸಿನೀರು ತಂದಿಡುವವರೇ ಹೆಚ್ಚು. ಇದು ಅಂಟುರೋಗವಲ್ಲ, ಪಂಕ್ತಿಯಲ್ಲಿ ಕೂರಲು ನಿನಗೆ ಎಲ್ಲರಷ್ಟೇ ಹಕ್ಕಿದೆ.

ಚಿಕಿತ್ಸೆಯಾಗಿ ಊಟ ಇಳಿಯತೊಡಗಿದ ಮೇಲೂ ವೈದ್ಯರು ಹೇಳಿದ ದಿನಕ್ಕೆ ಹೋಗಿ ತೋರಿಸುತ್ತಿರು. ಬಿಗಿತ ಮರಳಬಹುದು, ಹುಳಿ ಏರಿ ನಾಳ ಹುಣ್ಣಾಗಬಹುದು, ಬಹಳ ವರ್ಷಗಳ ಮೇಲೆ ಕ್ಯಾನ್ಸರಿನ ಸಾಧ್ಯತೆಯೂ ಬೇರೆಯವರಿಗಿಂತ ಹೆಚ್ಚು. ಮೊದಲೇ ಕಂಡರೆ ಎಲ್ಲದಕ್ಕೂ ದಾರಿ ಇದೆ. ಈ ವಾರವೇ ಮಿಲ್ಲಿನಲ್ಲಿ ರಜೆ ಕೇಳು. ಬಳ್ಳಾರಿಗೆ ನಾನೂ ಬರುತ್ತೇನೆ.