ಪುರುಷರ ವಿಶ್ವ ಲ್ಯಾಕ್ರೋಸ್ ಚಾಂಪಿಯನ್‌ಶಿಪ್: ಪರೀಕ್ಷಾ ಟಿಪ್ಪಣಿ

ಯಾದಗಿರಿ, ಶಹಾಪುರ, ಸುರಪುರದಲ್ಲಿ ಕೆಪಿಎಸ್‌ಸಿ, ಪಿಎಸ್‌ಐ ಪರೀಕ್ಷೆಗಳಿಗೆ ಓದುತ್ತಿರುವವರು ನಮ್ಮೂರ ಮೈದಾನದಲ್ಲಿ ಕಾಣದ ಈ ಆಟವನ್ನು ಕಡೆಗಣಿಸಬಾರದು. ಒಲಿಂಪಿಕ್ಸ್‌ಗೆ ಮರಳುತ್ತಿರುವ ಕ್ರೀಡೆ ಎಂಬ ಕಾರಣಕ್ಕೇ ಇದು ಮುಖ್ಯ.

ಆಟದ ಸ್ವರೂಪ: ತುದಿಯಲ್ಲಿ ಬಲೆಯಿರುವ ಕೋಲಿನಿಂದ ಗಟ್ಟಿ ರಬ್ಬರ್ ಚೆಂಡನ್ನು ಹಿಡಿದು, ಓಡುತ್ತಲೇ ಸಹ ಆಟಗಾರನಿಗೆ ಎಸೆದು ಗೋಲು ಹೊಡೆಯಬೇಕು. ಗೋಲಿ ಬಿಟ್ಟು ಉಳಿದವರು ಚೆಂಡನ್ನು ಕೈಯಿಂದ ಮುಟ್ಟುವಂತಿಲ್ಲ. ತಂಡಕ್ಕೆ 10 ಆಟಗಾರರು.

ಮೂಲ: ಉತ್ತರ ಅಮೆರಿಕದ ಮೂಲನಿವಾಸಿಗಳು. ಅವರ ಹೌಡೆನೊಸೌನಿ ತಂಡ ತನ್ನದೇ ಧ್ವಜದಡಿ ಆಡುತ್ತದೆ.

ಚಾಂಪಿಯನ್‌ಶಿಪ್:
- ಮೊದಲ ಟೂರ್ನಿ: 1967, ಟೊರಾಂಟೊ, 4 ತಂಡಗಳು.
- 2023: ಸ್ಯಾನ್ ಡಿಯಾಗೊ, 30 ತಂಡಗಳು. ಫೈನಲ್‌ನಲ್ಲಿ ಅಮೆರಿಕ 10-7ರಿಂದ ಕೆನಡಾವನ್ನು ಸೋಲಿಸಿತು. ಹೌಡೆನೊಸೌನಿಗೆ 3ನೇ ಸ್ಥಾನ.
- 2023ರವರೆಗಿನ ಪ್ರಶಸ್ತಿಗಳು: ಅಮೆರಿಕ 11, ಕೆನಡಾ 3 (1978, 2006, 2014).

ಒಲಿಂಪಿಕ್ಸ್: 1904 ಮತ್ತು 1908ರಲ್ಲಿ ಪದಕ ಕ್ರೀಡೆ, ಎರಡೂ ಬಾರಿ ಚಿನ್ನ ಕೆನಡಾಕ್ಕೆ. 2023ರ ಅಕ್ಟೋಬರ್‌ನಲ್ಲಿ ಮುಂಬೈನಲ್ಲಿ ನಡೆದ ಐಒಸಿ ಅಧಿವೇಶನ, 2028ರ ಲಾಸ್ ಏಂಜಲೀಸ್ ಕೂಟಕ್ಕೆ ಕ್ರಿಕೆಟ್, ಸ್ಕ್ವಾಷ್, ಬೇಸ್‌ಬಾಲ್-ಸಾಫ್ಟ್‌ಬಾಲ್, ಫ್ಲ್ಯಾಗ್ ಫುಟ್‌ಬಾಲ್ ಜೊತೆ ಲ್ಯಾಕ್ರೋಸ್ ಸೇರ್ಪಡೆಗೂ ಒಪ್ಪಿತು.

ಗೊಂದಲ ಬೇಡ: ಚಾಂಪಿಯನ್‌ಶಿಪ್‌ನಲ್ಲಿ ತಂಡಕ್ಕೆ 10 ಆಟಗಾರರು, 2028ರ ಒಲಿಂಪಿಕ್ಸ್‌ನ 'ಸಿಕ್ಸಸ್' ಮಾದರಿಯಲ್ಲಿ 6 ಮಂದಿ.