ಗಾಳಿ ಬರುವ ಮುನ್ನ ಕಣ ಸಿದ್ಧವಿರಲಿ: ಸ್ಥಳೀಯ ಹವಾಮಾನ ಮುನ್ಸೂಚನೆಯ ವ್ಯವಹಾರ ಮೌಲ್ಯ

‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆಯನ್ನು ಅರಿಯದ ಕನ್ನಡಿಗರಿಲ್ಲ. ಒದಗಿ ಬಂದ ಅವಕಾಶವನ್ನು ಕೈಬಿಡಬಾರದೆಂಬುದು ಅದರ ತಾತ್ಪರ್ಯ. ಆದರೆ ಕಣದಲ್ಲಿ ರಾಶಿ ಹಾಕಿ, ಮೊರ ಹಿಡಿದು ಸಿದ್ಧನಾಗಿ ನಿಂತ ರೈತನಿಗೆ ಮಾತ್ರ ಬಂದ ಗಾಳಿ ಉಪಯೋಗಕ್ಕೆ ಬರುತ್ತದೆ. ಗಾಳಿ ಯಾವ ಹೊತ್ತಿಗೆ, ಯಾವ ದಿಕ್ಕಿನಿಂದ, ಎಷ್ಟು ಬಲದಿಂದ ಬರುವುದೆಂಬುದನ್ನು ಮುಂಚಿತವಾಗಿ ಅಂದಾಜು ಮಾಡಬಲ್ಲವನು ಉಳಿದವರಿಗಿಂತ ಒಂದು ಹೆಜ್ಜೆ ಮುಂದಿರುತ್ತಾನೆ. ಈ ಅಂದಾಜನ್ನೇ ಆಧರಿಸಿ ವ್ಯಾಪಾರ ನಡೆಸುವ ಊರೊಂದು ಅಮೆರಿಕದ ಒರೆಗಾನ್ ರಾಜ್ಯದಲ್ಲಿದೆ. ಕೊಲಂಬಿಯಾ ನದಿಯ ದಡದಲ್ಲಿರುವ ಹುಡ್ ರಿವರ್ ಎಂಬ ಆ ಊರಿನ ಅನುಭವವನ್ನು ಮುಂದಿಟ್ಟುಕೊಂಡು, ಸ್ಥಳೀಯ ಮುನ್ಸೂಚನೆಯನ್ನು ಸಿದ್ಧಪಡಿಸುವ ಬಗೆ ಹಾಗೂ ಅದಕ್ಕೆ ಬೆಲೆ ಕಟ್ಟುವ ಕ್ರಮವನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಊರು ಮತ್ತು ಅದರ ಗಾಳಿ

ಹುಡ್ ರಿವರ್ ಸುಮಾರು 8,000 ಜನಸಂಖ್ಯೆಯ ಸಣ್ಣ ಪಟ್ಟಣ. ಪೋರ್ಟ್‌ಲ್ಯಾಂಡ್ ನಗರದಿಂದ ಪೂರ್ವಕ್ಕೆ ಸುಮಾರು 100 ಕಿ.ಮೀ. ದೂರದಲ್ಲಿದೆ. ಪೇರು ಹಾಗೂ ಸೇಬಿನ ತೋಟಗಳು ಮತ್ತು ಮರದ ಉದ್ಯಮ ಇಲ್ಲಿನ ಹಳೆಯ ಜೀವನಾಧಾರಗಳು. 1980ರ ದಶಕದ ಆರಂಭದಲ್ಲಿ ಮರದ ಉದ್ಯಮ ಕುಗ್ಗತೊಡಗಿದಾಗ, ಹಾಯಿ ಕಟ್ಟಿದ ಹಲಗೆಯ ಮೇಲೆ ನಿಂತು ನೀರಿನ ಮೇಲೆ ಸಾಗುವ ವಿಂಡ್‌ಸರ್ಫಿಂಗ್ ಕ್ರೀಡಾಳುಗಳು ಈ ಊರಿನ ಗಾಳಿಯನ್ನು ಅರಸಿ ಬಂದರು. ಅವರ ಹಿಂದೆಯೇ ಸಲಕರಣೆಗಳ ಅಂಗಡಿಗಳು, ಬಾಡಿಗೆ ಕೇಂದ್ರಗಳು, ತರಬೇತಿ ಶಾಲೆಗಳು, ಹಾಯಿ ದುರಸ್ತಿ ಮಾಡುವವರು, ವಸತಿಗೃಹಗಳು ಬಂದವು. ಹವಾಯಿಯಲ್ಲಿ 1979ರಲ್ಲಿ ಆರಂಭವಾದ ಡಕೈನ್ ಎಂಬ ಸಲಕರಣೆ ತಯಾರಿಕಾ ಸಂಸ್ಥೆಯು 1986ರಲ್ಲಿ ತನ್ನ ನೆಲೆಯನ್ನು ಇಲ್ಲಿಗೆ ಬದಲಾಯಿಸಿತು. ಮುಂದೆ, ದೊಡ್ಡ ಗಾಳಿಪಟವೊಂದು ಸವಾರನನ್ನು ಎಳೆದೊಯ್ಯುವ ಕೈಟ್‌ಬೋರ್ಡಿಂಗ್ ಕ್ರೀಡೆಯೂ ಸೇರಿಕೊಂಡಿತು.

ಈ ಗಾಳಿಗೆ ಕಾರಣ ಭೂಗೋಳ. ಕ್ಯಾಸ್ಕೇಡ್ ಪರ್ವತಶ್ರೇಣಿಯು ಕರಾವಳಿಗೆ ಸಮಾನಾಂತರವಾಗಿ ಗೋಡೆಯಂತೆ ನಿಂತಿದೆ. ಅದರ ಪಶ್ಚಿಮಕ್ಕೆ ತೇವಭರಿತ ತಂಪು ಪ್ರದೇಶ, ಪೂರ್ವಕ್ಕೆ ಮಳೆ ನೆರಳಿನ ಒಣ ಬಯಲು. ಮಲೆನಾಡನ್ನೂ ಬಯಲುಸೀಮೆಯನ್ನೂ ಕಂಡವರಿಗೆ ಈ ಚಿತ್ರ ಅಪರಿಚಿತವಲ್ಲ. ಈ ಗೋಡೆಯನ್ನು ಬಹುತೇಕ ಸಮುದ್ರಮಟ್ಟದಲ್ಲಿಯೇ ಸೀಳಿರುವ ದಾರಿಯೆಂದರೆ ಸುಮಾರು 130 ಕಿ.ಮೀ. ಉದ್ದದ ಕೊಲಂಬಿಯಾ ಕಣಿವೆ. ಬೇಸಿಗೆಯಲ್ಲಿ ಪೂರ್ವದ ಬಯಲು ಕಾದು ಅಲ್ಲಿ ವಾಯುಭಾರ ಕುಸಿಯುತ್ತದೆ. ಪಶ್ಚಿಮದಲ್ಲಿ ಪೆಸಿಫಿಕ್ ಸಾಗರದ ತಂಪು ಗಾಳಿಯಿಂದಾಗಿ ವಾಯುಭಾರ ಅಧಿಕವಾಗಿರುತ್ತದೆ. ಅಧಿಕ ಭಾರದ ಕಡೆಯಿಂದ ಕಡಿಮೆ ಭಾರದ ಕಡೆಗೆ ಗಾಳಿಯು ಈ ಇಕ್ಕಟ್ಟಾದ ದಾರಿಯಲ್ಲಿ ನುಗ್ಗುತ್ತದೆ. ನದಿಯು ಪಶ್ಚಿಮಕ್ಕೆ ಹರಿಯುತ್ತಿದ್ದರೆ ಗಾಳಿಯು ಅದಕ್ಕೆ ಎದುರಾಗಿ ಪೂರ್ವಕ್ಕೆ ಬೀಸುವುದರಿಂದ ಎತ್ತರದ ಅಲೆಗಳೇಳುತ್ತವೆ. ಕ್ರೀಡಾಳುಗಳಿಗೆ ಬೇಕಾದುದೂ ಇದೇ.

ಮೊತ್ತವಲ್ಲ, ವ್ಯತ್ಯಾಸ ಮುಖ್ಯ

ಇಲ್ಲಿನ ಮುನ್ಸೂಚಕರು ಪ್ರತಿದಿನ ಬೆಳಿಗ್ಗೆ ಮೊದಲು ನೋಡುವುದು ತಾಪಮಾನವನ್ನಲ್ಲ. ಕಣಿವೆಯ ಪಶ್ಚಿಮಕ್ಕಿರುವ ಪೋರ್ಟ್‌ಲ್ಯಾಂಡ್ ಹಾಗೂ ಪೂರ್ವಕ್ಕಿರುವ ದಿ ಡಾಲ್ಸ್, ಈ ಎರಡು ವಿಮಾನ ನಿಲ್ದಾಣಗಳಲ್ಲಿ ದಾಖಲಾದ ವಾಯುಭಾರವನ್ನು ತೆಗೆದುಕೊಂಡು ಒಂದರಿಂದ ಮತ್ತೊಂದನ್ನು ಕಳೆಯುತ್ತಾರೆ. ಕರಾವಳಿಯ ನಾರ್ತ್ ಬೆಂಡ್ ಮತ್ತು ಪೋರ್ಟ್‌ಲ್ಯಾಂಡ್ ನಡುವಿನ ವ್ಯತ್ಯಾಸವನ್ನೂ ಗಮನಿಸುತ್ತಾರೆ. ಈ ವ್ಯತ್ಯಾಸ ಐದು ಮಿಲಿಬಾರ್ ಇದ್ದರೂ ಅದು ಒಟ್ಟು ವಾಯುಭಾರದ ಶೇಕಡಾ ಅರ್ಧಕ್ಕಿಂತ ಕಡಿಮೆ. ಆದರೂ ಅಷ್ಟು ಅಲ್ಪ ಅಂತರವೇ ದಿನವಿಡೀ ಗಾಳಿಯನ್ನು ನಡೆಸುತ್ತದೆ. ಕೋಟಿಗಟ್ಟಲೆ ವಹಿವಾಟಿನಲ್ಲಿ ಅಂಗಡಿಯನ್ನು ಉಳಿಸುವುದು ಸಣ್ಣ ಶೇಕಡಾವಾರು ಲಾಭಾಂಶವೇ ಅಲ್ಲವೆ?

ಸೆಕೆ ಹೆಚ್ಚಾದಷ್ಟೂ ಗಾಳಿ ಹೆಚ್ಚುವುದೆಂದು ಹೊಸಬರು ಭಾವಿಸುವುದುಂಟು. ಅದು ಪೂರ್ತಿ ನಿಜವಲ್ಲ. ಪೂರ್ವದಲ್ಲಿ ಮಾತ್ರ ಬಿಸಿಲೇರಿದರೆ ವ್ಯತ್ಯಾಸ ಹೆಚ್ಚುತ್ತದೆ. ಪಶ್ಚಿಮವೂ ಅಷ್ಟೇ ಕಾದರೆ ವ್ಯತ್ಯಾಸ ಅಳಿದುಹೋಗುತ್ತದೆ. 2021ರ ಜೂನ್ 28ರಂದು ಪೋರ್ಟ್‌ಲ್ಯಾಂಡ್‌ನಲ್ಲಿ 46.7 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಅಂತಹ ದಿನಗಳಲ್ಲಿ ಕಡಿಮೆ ಭಾರದ ವಲಯವು ಪರ್ವತವನ್ನು ದಾಟಿ ಪಶ್ಚಿಮಕ್ಕೆ ಸರಿಯುವುದರಿಂದ ಎಂದಿನ ಪಶ್ಚಿಮದ ಗಾಳಿ ಕುಸಿಯುತ್ತದೆ. ಸೆಕೆಯ ಅಲೆ ಮುರಿದು ಸಾಗರದ ತಂಪು ಗಾಳಿ ಒಳನುಗ್ಗುವಾಗ ಬಲವಾದ ಗಾಳಿ ಮರಳುತ್ತದೆ. ಎಂದರೆ, ಉತ್ತಮ ದಿನವನ್ನು ಊಹಿಸಬಯಸುವವನು ಸೆಕೆಯನ್ನಲ್ಲ, ಸೆಕೆ ಮುರಿಯುವ ಗಳಿಗೆಯನ್ನು ಕಾಯಬೇಕು.

ವ್ಯತ್ಯಾಸದ ಚಿಹ್ನೆಯೂ ಮುಖ್ಯ. ಖರ್ಚಿನ ಬಾಬನ್ನು ಜಮೆಗೆ ಬರೆದರೆ ಲೆಕ್ಕ ತಲೆಕೆಳಗಾಗುವಂತೆ, ಪೂರ್ವದಲ್ಲಿ ಭಾರ ಹೆಚ್ಚಾದರೆ ಗಾಳಿ ತಿರುಗುತ್ತದೆ. ಚಳಿಗಾಲದಲ್ಲಿ ಇದು ಸಾಮಾನ್ಯ. 2017ರ ಸೆಪ್ಟೆಂಬರ್ 2ರಂದು ಈ ಕಣಿವೆಯ ಈಗಲ್ ಕ್ರೀಕ್‌ನಲ್ಲಿ ಹೊತ್ತಿದ ಕಾಡ್ಗಿಚ್ಚು, ಪೂರ್ವದ ಗಾಳಿ ಎದ್ದೊಡನೆ ಪಶ್ಚಿಮಕ್ಕೆ ವೇಗವಾಗಿ ಹಬ್ಬಿತು. ಕಿಡಿಗಳು ನದಿಯನ್ನೇ ದಾಟಿ ಎದುರು ದಡದಲ್ಲಿ ಬಿದ್ದವು. ಒಟ್ಟು ಸುಮಾರು 50,000 ಎಕರೆ ಪ್ರದೇಶ ಬೆಂಕಿಗೆ ತುತ್ತಾಯಿತು, ಕಣಿವೆಯ ಹೆದ್ದಾರಿಯನ್ನು ಮುಚ್ಚಬೇಕಾಯಿತು. ಗಾಳಿಯ ಮುನ್ಸೂಚನೆ ಕೇವಲ ವಿನೋದದ ವಿಷಯವಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಸಾರ್ವತ್ರಿಕ ಮುನ್ಸೂಚನೆ ಸಾಲದೇಕೆ?

ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆಯು ತನ್ನ ದತ್ತಾಂಶಗಳನ್ನೂ ಮುನ್ಸೂಚನೆಗಳನ್ನೂ ಉಚಿತವಾಗಿ ಒದಗಿಸುತ್ತದೆ. ಹೀಗಿದ್ದರೂ ಹಣ ಕೊಟ್ಟು ಸ್ಥಳೀಯ ಮುನ್ಸೂಚನೆ ಪಡೆಯುವವರಿರಲು ಮೂರು ಕಾರಣಗಳಿವೆ.

ಒಂದು, ಜಾಲರಿಯ ಗಾತ್ರ. ಗಣಕಯಂತ್ರದ ಮಾದರಿಗಳು ಭೂಭಾಗವನ್ನು ಚೌಕಗಳನ್ನಾಗಿ ವಿಂಗಡಿಸಿ ಲೆಕ್ಕ ಹಾಕುತ್ತವೆ. 2014ರಲ್ಲಿ ಬಳಕೆಗೆ ಬಂದ, ಗಂಟೆಗೊಮ್ಮೆ ಪರಿಷ್ಕರಣೆಗೊಳ್ಳುವ ಸೂಕ್ಷ್ಮ ಮಾದರಿಯ ಚೌಕವೂ 3 ಕಿ.ಮೀ. ಅಗಲದ್ದಾಗಿತ್ತು. ಹುಡ್ ರಿವರ್‌ನಲ್ಲಿ ನದಿಗೆ 1924ರಲ್ಲಿ ಕಟ್ಟಿದ ಸೇತುವೆಯ ಉದ್ದವೇ ಸುಮಾರು 1.3 ಕಿ.ಮೀ. ಹೀಗಾಗಿ ನದಿ, ದಡ, ಬಂಡೆ ಮೂರೂ ಒಂದೇ ಚೌಕದೊಳಗೆ ಬೆರೆತುಹೋಗುತ್ತವೆ.

ಎರಡು, ಸ್ಥಳದಿಂದ ಸ್ಥಳಕ್ಕೆ ಗಾಳಿ ಬೇರೆ. ಹುಡ್ ರಿವರ್‌ನ ಪಶ್ಚಿಮಕ್ಕಿರುವ ಸ್ಟೀವನ್‌ಸನ್‌ನಲ್ಲಿ ಹಾಯಿ ತುಂಬ ಗಾಳಿಯಿರುವಾಗ ಪೂರ್ವದ ರೊವೀನಾದಲ್ಲಿ ನೀರು ಕನ್ನಡಿಯಂತಿರಬಹುದು. ಸಾಗರದ ಮೋಡದ ಪದರ ಎಷ್ಟು ದಪ್ಪವಾಗಿದೆ, ಅದು ಎಲ್ಲಿಯವರೆಗೆ ಚಾಚಿದೆ ಎಂಬುದನ್ನು ಅವಲಂಬಿಸಿ ಬಲವಾದ ಗಾಳಿಯ ಜಾಗವೂ ಬದಲಾಗುತ್ತದೆ.

ಮೂರು, ತಪ್ಪಿನ ಬೆಲೆ. ಹಾಯಿಯ ಮೇಲಿನ ಬಲವು ಗಾಳಿಯ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 30 ಕಿ.ಮೀ. ಎಂದು ನಂಬಿ ಇಳಿದವನಿಗೆ 42 ಕಿ.ಮೀ. ಗಾಳಿ ಎದುರಾದರೆ ಬಲವು ಹೆಚ್ಚುಕಡಿಮೆ ಇಮ್ಮಡಿಯಾಗಿರುತ್ತದೆ. ಶೇಕಡಾ 40ರ ತಪ್ಪು, ಅದಕ್ಕೆ ಇಮ್ಮಡಿ ದಂಡ. ಕಲಿಯುವವರಿಗೆ ಇದು ಪ್ರಾಣಾಪಾಯದ ವಿಷಯ.

ಈ ಕೊರತೆಯನ್ನು ಸ್ಥಳೀಯ ಮುನ್ಸೂಚಕ ತುಂಬುತ್ತಾನೆ. ನದಿ ದಡದ ಗಾಳಿವೇಗ ಮಾಪಕಗಳ ಅಂಕಿಗಳು, ವಾಯುಭಾರದ ವ್ಯತ್ಯಾಸ, ಉಪಗ್ರಹದ ಮೋಡದ ಚಿತ್ರ, ಹಿಂದಿನ ವರ್ಷಗಳ ಅನುಭವ ಇವನ್ನೆಲ್ಲ ಕೂಡಿಸಿ, ಯಾವ ದಡದಲ್ಲಿ ಯಾವ ಹೊತ್ತಿಗೆ ಎಷ್ಟು ಗಾಳಿ ಎಂಬುದನ್ನು ಬೆಳಗಾಗುವುದರೊಳಗೆ ಹೇಳುತ್ತಾನೆ. ಮೊದಲು ದೂರವಾಣಿಯಲ್ಲಿ ಕೇಳಬೇಕಾಗಿದ್ದ ಮಾಪಕಗಳ ಅಂಕಿಗಳು ಈಗ ಮೊಬೈಲ್‌ನಲ್ಲಿ ಕ್ಷಣಕ್ಷಣಕ್ಕೂ ದೊರೆಯುತ್ತವೆ.

ಒಂದೇ ಮುನ್ಸೂಚನೆ, ಎರಡು ನಿರ್ಧಾರ

ಮುನ್ಸೂಚನೆ ಎಂದಿಗೂ ಖಚಿತ ಭರವಸೆಯಲ್ಲ, ಅದು ಸಂಭವನೀಯತೆ. ಬಾಡಿಗೆ ಅಂಗಡಿಯೊಂದು ದಿನಕ್ಕೆ 300 ಡಾಲರ್ ಕೊಟ್ಟು ಹೆಚ್ಚುವರಿ ಸಿಬ್ಬಂದಿಯನ್ನು ಕರೆಸಬೇಕೆಂದೂ, ಗಾಳಿ ಬಂದರೆ ಅವರಿಂದ 750 ಡಾಲರ್ ಹೆಚ್ಚಿನ ಆದಾಯ ಬರುವುದೆಂದೂ ಇಟ್ಟುಕೊಳ್ಳೋಣ. ಗಾಳಿ ಬಾರದಿದ್ದರೂ ಸಂಬಳ ಕೊಡಲೇಬೇಕು. 300ನ್ನು 750ರಿಂದ ಭಾಗಿಸಿದರೆ ಶೇಕಡಾ 40. ಗಾಳಿಯ ಸಂಭವ ಅದಕ್ಕಿಂತ ಹೆಚ್ಚಿದ್ದರೆ ಸಿಬ್ಬಂದಿಯನ್ನು ಕರೆಸುವುದು ಲಾಭದಾಯಕ. ಪೋರ್ಟ್‌ಲ್ಯಾಂಡ್‌ನಿಂದ ಅರ್ಧ ದಿನದ ಕೆಲಸ ಬಿಟ್ಟು ಬರುವ ಕ್ರೀಡಾಳುವಿಗೆ ಪೆಟ್ರೋಲು ಮತ್ತು ವೇತನ ನಷ್ಟ ಸೇರಿ 120 ಡಾಲರ್ ವೆಚ್ಚ, ಒಳ್ಳೆಯ ಗಾಳಿಯ ದಿನಕ್ಕೆ ಆತ ಕಟ್ಟುವ ಬೆಲೆ 200 ಡಾಲರ್ ಎಂದಾದರೆ, ಆತನಿಗೆ ಶೇಕಡಾ 60 ಬೇಕು. ಶೇಕಡಾ 50ರ ಮುನ್ಸೂಚನೆಯ ದಿನ ಅಂಗಡಿಯವನು ಸಿದ್ಧನಾಗಿರುವುದೂ ಸರಿ, ಆ ಕ್ರೀಡಾಳು ಮನೆಯಲ್ಲಿಯೇ ಉಳಿಯುವುದೂ ಸರಿ. ‘ಗಾಳಿ ಬರುತ್ತದೆ’ ಎಂದಷ್ಟೇ ಹೇಳುವ ಮುನ್ಸೂಚನೆಗಿಂತ ‘ಎಷ್ಟು ಸಂಭವ’ ಎಂದು ಹೇಳುವ ಮುನ್ಸೂಚನೆ ಇಬ್ಬರಿಗೂ ಹೆಚ್ಚು ಉಪಯುಕ್ತ.

ಮುನ್ಸೂಚನೆಯ ಲೆಕ್ಕಪರಿಶೋಧನೆ

ಹಣ ಕೊಟ್ಟು ಪಡೆದುದನ್ನು ಪರಿಶೋಧಿಸಲೇಬೇಕು. ಅದೇ ಅಂಗಡಿಯ 50 ದಿನಗಳ ಕಾಲ್ಪನಿಕ ದಾಖಲೆಯನ್ನು ಗಮನಿಸಬಹುದು. ಮುನ್ಸೂಚಕನು 30 ದಿನ ಗಾಳಿಯಿದೆ ಎಂದ. 24 ದಿನ ಬಂತು. 20 ದಿನ ಇಲ್ಲವೆಂದ. ಆದರೂ 5 ದಿನ ಬಂತು. ಆತನ ಮಾತು 39 ದಿನ, ಅಂದರೆ ಶೇಕಡಾ 78 ನಿಜವಾಯಿತು. ಇಷ್ಟಕ್ಕೇ ಮೆಚ್ಚಿ ಸುಮ್ಮನಾಗುವುದು ಸರಿಯಲ್ಲ. ಏನೂ ಅರಿಯದವನೊಬ್ಬ ಪ್ರತಿದಿನವೂ ‘ಗಾಳಿಯಿದೆ’ ಎಂದಿದ್ದರೂ 29 ದಿನ, ಅಂದರೆ ಶೇಕಡಾ 58 ನಿಜವಾಗುತ್ತಿತ್ತು. ಮುನ್ಸೂಚಕನ ನಿಜವಾದ ಕೊಡುಗೆ ಈ ಎರಡರ ಅಂತರವಷ್ಟೇ.

ಈಗ ಹಣದ ಲೆಕ್ಕ:

1. ಮುನ್ಸೂಚನೆಯಿಲ್ಲದೆ 50 ದಿನವೂ ಸಿಬ್ಬಂದಿ ಕರೆಸಿದರೆ ಆದಾಯ 21,750, ವೆಚ್ಚ 15,000, ಉಳಿಕೆ 6,750 ಡಾಲರ್.

2. ಮುನ್ಸೂಚನೆಯಂತೆ 30 ದಿನ ಮಾತ್ರ ಕರೆಸಿದರೆ ಆದಾಯ 18,000, ವೆಚ್ಚ 9,000, ಉಳಿಕೆ 9,000 ಡಾಲರ್.

3. ಎಂದೂ ತಪ್ಪದ ಮುನ್ಸೂಚನೆ ದೊರೆತಿದ್ದರೆ 29 ದಿನಗಳ ಉಳಿಕೆ 13,050 ಡಾಲರ್.

ಮೊದಲೆರಡರ ಅಂತರವಾದ 2,250 ಡಾಲರ್, ಈ ಮುನ್ಸೂಚನೆಗೆ ಅಂಗಡಿಯವನು ಕೊಡಬಹುದಾದ ಗರಿಷ್ಠ ಬೆಲೆ. ಮೊದಲನೆಯದಕ್ಕೂ ಮೂರನೆಯದಕ್ಕೂ ಇರುವ 6,300 ಡಾಲರ್ ಅಂತರವು ಎಂತಹ ಪರಿಪೂರ್ಣ ಮುನ್ಸೂಚನೆಗೂ ಮೀರಬಾರದ ಮಿತಿ. ಕಣಿವೆಯಲ್ಲಿ ಗಾಳಿಯ ಋತು ಚಿಕ್ಕದು. ಮಾರಾಟವಾಗದ ಹಾಯಿಯನ್ನು ಮುಂದಿನ ವರ್ಷಕ್ಕೆ ದಾಸ್ತಾನಿನಲ್ಲಿ ಒಯ್ಯಬಹುದು. ಕಳೆದುಹೋದ ಗಾಳಿಯ ದಿನವನ್ನು ಒಯ್ಯಲಾಗದು. ಆದುದರಿಂದಲೇ ಈ ಲೆಕ್ಕಕ್ಕೆ ಅಲ್ಲಿ ಮಹತ್ವ.

ಕರ್ನಾಟಕದ ಉದ್ಯಮಿಗಳಿಗೆ ಅನ್ವಯ

ಗಾಳಿಯ ಮುನ್ಸೂಚನೆ ಕರ್ನಾಟಕದಲ್ಲಿಯೂ ಹಣದ ವಿಷಯವಾಗಿದೆ. ಚಿತ್ರದುರ್ಗ, ಗದಗ ಮುಂತಾದ ಕಡೆಗಳಲ್ಲಿ ಗಾಳಿವಿದ್ಯುತ್ ಘಟಕಗಳಿವೆ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು 2015ರಲ್ಲಿ ರೂಪಿಸಿದ ನಿಯಮಾವಳಿಯು, ತನ್ನ ವ್ಯಾಪ್ತಿಗೆ ಬರುವ ಘಟಕಗಳು ದಿನವನ್ನು 15 ನಿಮಿಷಗಳ 96 ಅವಧಿಗಳಾಗಿ ವಿಭಜಿಸಿ ಉತ್ಪಾದನೆಯ ಮುನ್ನಂದಾಜು ನೀಡುವ ಪದ್ಧತಿಯನ್ನು ತಂದಿತು. ಅಂದಾಜು ಮಿತಿಮೀರಿ ತಪ್ಪಿದರೆ ಶುಲ್ಕ ತೆರಬೇಕಾಗುತ್ತದೆ.

ಮಳೆಯ ಮಟ್ಟಿಗೆ, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಅಳವಡಿಸಿ, ‘ವರುಣ ಮಿತ್ರ’ ಸಹಾಯವಾಣಿಯ ಮೂಲಕ ಸ್ಥಳೀಯ ಮಾಹಿತಿ ಒದಗಿಸುತ್ತ ಬಂದಿದೆ. ಅಡಿಕೆ, ಹಪ್ಪಳ, ಹಸಿ ಇಟ್ಟಿಗೆ ಒಣಗಿಸುವ ಸಣ್ಣ ಉದ್ದಿಮೆದಾರರಿಗೆ ಮೇಲಿನ ಸೂತ್ರ ಇಲ್ಲಿ ನೇರವಾಗಿ ಅನ್ವಯಿಸುತ್ತದೆ. ಸರಕು ಮುಚ್ಚಿಸಲು ಟಾರ್ಪಾಲು ಮತ್ತು ಕೂಲಿ ಸೇರಿ 2,000 ರೂಪಾಯಿ, ಮುಚ್ಚದೆ ನೆನೆದರೆ 10,000 ರೂಪಾಯಿ ನಷ್ಟ ಎಂದಾದರೆ, ಮಳೆಯ ಸಂಭವ ಶೇಕಡಾ 20 ಮೀರಿದೊಡನೆ ಮುಚ್ಚಿಸುವುದು ಲೇಸು. ‘ಮಳೆ ಬರುವ ಸಂಭವ ಕಡಿಮೆ’ ಎಂಬ ಮಾತನ್ನು ಕೇಳಿ ನಿಶ್ಚಿಂತೆಯಿಂದ ಮಲಗಿದವನು ಲೆಕ್ಕದಲ್ಲಿ ಸೋಲುತ್ತಾನೆ.

ಇದನ್ನು ಆಚರಣೆಗೆ ತರಬಯಸುವ ಉದ್ಯಮಿಯು ಮೂರು ಕೆಲಸ ಮಾಡಬಹುದು. ತನ್ನ ವ್ಯವಹಾರದ ಯಾವ ನಿರ್ಧಾರ ಹವಾಮಾನವನ್ನು ಅವಲಂಬಿಸಿದೆಯೆಂದು ಗುರುತಿಸುವುದು. ಆ ನಿರ್ಧಾರದ ವೆಚ್ಚ ಮತ್ತು ನಷ್ಟಗಳ ಅನುಪಾತವನ್ನು ಬರೆದಿಡುವುದು. ಮುನ್ಸೂಚನೆ ಮತ್ತು ವಾಸ್ತವಗಳನ್ನು ಎರಡು ಕಾಲಂಗಳ ಪುಸ್ತಕವೊಂದರಲ್ಲಿ ಒಂದು ಋತುವಿಡೀ ದಾಖಲಿಸುವುದು. ಋತುವಿನ ಕೊನೆಗೆ ಆ ಪುಸ್ತಕವನ್ನು ಕೂಡಿ ಕಳೆದರೆ, ಯಾವ ಮುನ್ಸೂಚನೆಯನ್ನು ಎಷ್ಟು ನಂಬಬೇಕು, ಅದಕ್ಕೆ ಎಷ್ಟು ಹಣ ಕೊಡಬೇಕು ಎಂಬುದು ಸ್ವಂತ ಅಂಕಿಗಳಿಂದಲೇ ಸ್ಪಷ್ಟವಾಗುತ್ತದೆ. ಅದಕ್ಕೆ ಬೇಕಾದ ಬಂಡವಾಳ ಒಂದು ನೋಟುಪುಸ್ತಕ ಮತ್ತು ದಿನಕ್ಕೆ ಎರಡು ನಿಮಿಷ.